ಅರ್ಧಕ್ಕೆ ನಿಂತ ಬಾವುಟ

ಕುಮ್ ಹೆಲಿಗ್, ವೇಲ್ಸ್
10 ಫೆಬ್ರವರಿ 1952

ತಮ್ಮ ಎಮ್ಲಿನ್‌ಗೆ,

ನಿನ್ನ ತಂತಿ ಗುರುವಾರವೇ ಬಂತು. ‘ಮಣ್ಣಿಗೆ ಬರಲಾಗುತ್ತಿಲ್ಲ, ಕಚೇರಿಯಲ್ಲಿ ರಾಜರ ಸಾವಿನ ಕೆಲಸ’, ಇಷ್ಟೇ. ರಾಜನಿಗೆ ಅಳುವುದಕ್ಕೆ ಇಡೀ ದೇಶವಿತ್ತು. ನನ್ನ ಗಂಡನಿಗೆ, ಗೆತಿನ್‌ಗೆ, ಇದ್ದದ್ದು ಒಬ್ಬನೇ ಭಾವಮೈದುನ, ನೀನು. ಆರು ವರ್ಷ ಪತ್ರವಿಲ್ಲದೆ ಇದ್ದ ನಾವು ಈಗಲೂ ಸುಮ್ಮನಿದ್ದುಬಿಡಬಹುದಿತ್ತು. ಆದರೆ ಬಾವುಟ ಯಾವಾಗ ಏರಬೇಕು, ಯಾವಾಗ ಇಳಿಯಬೇಕು ಎಂದು ದೇಶಕ್ಕೆಲ್ಲ ಹೇಳುವ ಕಚೇರಿಯಲ್ಲಲ್ಲವೇ ನೀನು ಗುಮಾಸ್ತ? ಇಲ್ಲಿ ನಡೆದದ್ದು ಬೇರೆಯವರ ಬಾಯಿಂದ ನಿನಗೆ ತಲುಪುವ ಮೊದಲು ನನ್ನಿಂದಲೇ ಕೇಳು.

ಬುಧವಾರ ಬೆಳಗಿನ ಜಾವ ಗಣಿಯೊಳಗೆ ಚಾವಣಿ ಕುಸಿಯಿತು. ಗೆತಿನ್, ಹ್ಯಾರಿಸ್ ಅಣ್ಣತಮ್ಮಂದಿರಿಬ್ಬರು, ಮುದುಕ ಸಿಲ್ವಾನಸ್, ಹೋದ ಬೇಸಿಗೆಯಲ್ಲಿ ಮದುವೆಯಾದ ಟೆಗ್ವಿನ್. ಐವರೂ ಹೋದರು. ಗಣಿಯ ಬಾಗಿಲಲ್ಲಿ ಹೆಸರುಗಳನ್ನು ಕೇಳಿಸಿಕೊಂಡು ನಾನು ಕಾರ್ಮಿಕರ ಭವನಕ್ಕೆ ನಡೆದು ಬಂದೆ. ನೀನು ಲಂಡನ್ನಿಗೆ ಹೋದ ಮೇಲೆ ಭವನ ನೋಡಿಕೊಳ್ಳುವ ಕೆಲಸ ನನಗೆ ಸಿಕ್ಕಿತು, ಹಿಂದಿನ ಎರಡು ಕೋಣೆಯಲ್ಲೇ ನಮ್ಮ ಸಂಸಾರ. ಮನೆಗೆ ಬಂದವಳಿಗೆ ಅಳು ಬರಲಿಲ್ಲ. ಕೈಗೆ ಏನಾದರೂ ಕೆಲಸ ಬೇಕಿತ್ತು. ಬಾವುಟ ತೆಗೆದುಕೊಂಡು ಹೊರಗೆ ಹೋಗಿ, ಮೊದಲು ಕಂಬದ ತುದಿಗೆ ಏರಿಸಿ, ಆಮೇಲೆ ಒಂದು ಬಾವುಟದಷ್ಟು ಕೆಳಗಿಳಿಸಿ ಕಟ್ಟಿದೆ. ಮೇಲೆ ಬಿಟ್ಟ ಜಾಗ ಸಾವಿನ ಬಾವುಟಕ್ಕೆ, ಅದು ನಮ್ಮ ಕಣ್ಣಿಗೆ ಕಾಣುವುದಿಲ್ಲ ಅಂತ ಹಳಬರು ಹೇಳುತ್ತಾರಲ್ಲ. ಆಗ ಗಂಟೆ ಒಂಬತ್ತು.

ರಾಜ ಸತ್ತ ಸುದ್ದಿ ರೇಡಿಯೋದಲ್ಲಿ ಬಂದದ್ದು ಹನ್ನೊಂದರ ಹೊತ್ತಿಗೆ.

ಮಧ್ಯಾಹ್ನ ಜಿಲ್ಲಾ ಕಚೇರಿಯ ಕ್ರಾಂಪ್ಟನ್ ಸಾಹೇಬ ಕಾರಿನಲ್ಲಿ ಬಂದ. ಊರೂರಿನ ಬಾವುಟ ಇಳಿದಿದೆಯೋ ಇಲ್ಲವೋ ನೋಡಲು ಹೊರಟವನು. ನಮ್ಮ ಮುಂದಿನ ಕೋಣೆಯಲ್ಲಿ ಅಂಚೆ ಕಚೇರಿ ಇರುವುದರಿಂದ ಭವನವೂ ಸರ್ಕಾರಿ ಕಟ್ಟಡದ ಲೆಕ್ಕವಂತೆ. “ಭೇಷ್ ಮಿಸೆಸ್ ಪ್ರಾಸರ್! ಇಡೀ ಕಣಿವೇಲಿ ನೀವೇ ಫಸ್ಟು. ರೇಡಿಯೋಗಿಂತ ಮುಂಚೇನೇ ಇಳಿಸ್ಬಿಟ್ಟಿದ್ರಂತೆ, ಅಂಚೆಯವ್ರು ಹೇಳಿದ್ರು. ಎಂಥಾ ರಾಜಭಕ್ತಿ!” ಎಂದು ಕೈ ಕುಲುಕಿದ. “ರೇಡಿಯೋಗಿಂತ ಮುಂಚೆ ರಾಜ ಸತ್ತಿದ್ದು ನಂಗೆ ಹೆಂಗ್ರೀ ಗೊತ್ತಾಗುತ್ತೆ?” ಎಂದು ಕೇಳಿದೆ. ಅವನು ನಗುತ್ತಲೇ ಕಾರು ಹತ್ತಿದ. ಮರುದಿನ ಪತ್ರಿಕೆಯಲ್ಲಿ ‘ರಾಜನಿಗೆ ಮೊದಲು ಕಂಬನಿ ಮಿಡಿದ ಹಳ್ಳಿ’ ಎಂದು ಬಂತು. ಐವರ ಸುದ್ದಿ ಒಳಪುಟದಲ್ಲಿತ್ತು.

ಅದನ್ನೂ ಸಹಿಸಿದೆ. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋದ ಹಾಗೆ, ರಾಜನ ದೆಸೆಯಿಂದ ನಮ್ಮವರ ಮೇಲೂ ಬಾವುಟ ಬಾಗಿತು ಎಂದುಕೊಂಡೆ. ಆದರೆ ಶುಕ್ರವಾರ ಬೆಳಿಗ್ಗೆ ತಂತಿ ಬಂತು. ಹೊಸ ರಾಣಿಯ ಹೆಸರು ಸಾರುವ ದಿನ, ಹನ್ನೊಂದಕ್ಕೆ ಎಲ್ಲ ಬಾವುಟಗಳೂ ತುದಿಗೇರಬೇಕು, ಮರುದಿನ ಮತ್ತೆ ಇಳಿಯಬೇಕು. ಅದೇ ದಿನ ಎರಡು ಗಂಟೆಗೆ ನಮ್ಮ ಐವರ ಮಣ್ಣು.

ನಮ್ಮ ಕಡೆಯ ಪದ್ಧತಿ ನೀನು ಮರೆತಿರಲಿಕ್ಕಿಲ್ಲ. ಮಣ್ಣಿಗೆ ಹೋಗುವವರು ಗಂಡಸರು ಮಾತ್ರ. ಊರಿನ ಗಂಡಸರೆಲ್ಲ ಕರಿ ಕೋಟು ಹಾಕಿ ಹಾಡುತ್ತ ಗುಡ್ಡ ಹತ್ತುತ್ತಾರೆ, ಹೆಂಡತಿಯಾದವಳು ಪರದೆ ಎಳೆದು ಮನೆಯೊಳಗೆ ಕೂತು ಬಂದವರ ಊಟಕ್ಕೆ ಹ್ಯಾಮ್ ಮಾಂಸ ಹೆಚ್ಚುತ್ತಾಳೆ. ನಾನು ಕೂರಲಿಲ್ಲ, ಬಾವುಟ ಏರಿಸಲೂ ಇಲ್ಲ. ಬಾವುಟದ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ಕಂಬದ ಬುಡದಲ್ಲಿ ನಿಂತೆ. ಗುಡ್ಡದ ಮೇಲಿಂದ ಎಲ್ಲರಿಗೂ ಕಾಣುವುದು ಆ ಬಾವುಟವೊಂದೇ.

ಕಾನ್‌ಸ್ಟೇಬಲ್ ಪ್ರಿಚರ್ಡ್ ಬಂದ. “ಅಕ್ಕಾ, ಬಿಡು ಹಗ್ಗಾನ. ಮೇಲಿನ ಆರ್ಡರು. ನಾನೂ ಹೆಂಡ್ತಿ ಮಕ್ಳಿರೋನು.”

“ಇದಾರಲ್ಲ? ಅದಕ್ಕೇ ಹೇಳ್ತಿರೋದು, ಆ ಕಡೆ ಹೋಗು.”

ಅಷ್ಟರಲ್ಲಿ ಶವಪೆಟ್ಟಿಗೆಗಳು ತಿರುವಿಗೆ ಬಂದವು. ಅವನು ಹೆಲ್ಮೆಟ್ ತೆಗೆದು ತಲೆ ತಗ್ಗಿಸಿ ನನ್ನ ಪಕ್ಕದಲ್ಲೇ ನಿಂತ. ಆದರೂ ಸಂಜೆ ವರದಿ ಬರೆದು ಕಳಿಸಿದನಂತೆ. ಅವನ ಮೇಲೆ ನನಗೆ ಸಿಟ್ಟಿಲ್ಲ.

ನಿನ್ನ ಅಕ್ಕ,
ನೆಸ್ಟಾ


ಲಂಡನ್
14 ಫೆಬ್ರವರಿ 1952

ಪ್ರೀತಿಯ ಅಕ್ಕ,

ವರದಿ ನನ್ನ ಮೇಜಿಗೇ ಬಂದಿದೆ. ಶುಕ್ರವಾರದ ಆ ತಂತಿಯನ್ನು ಊರೂರಿಗೆ ಕಳಿಸಿದ್ದೂ ನಾನೇ. ಕುಮ್ ಹೆಲಿಗ್ ಎಂಬ ವಿಳಾಸವನ್ನೂ ನನ್ನ ಕೈಯಾರೆ ಬರೆದೆ. ಭಾವನಿಗೂ ನನಗೂ ಆಗಿಬರಲಿಲ್ಲ, ನಿಜ. ಆದರೆ ಅವರಂಥ ಮನುಷ್ಯ ಹೀಗೆ ಹೋಗಬಾರದಿತ್ತು.

ನಿಯಮ ಯಾಕಿದೆ ಎಂದು ಸ್ವಲ್ಪ ಸಮಾಧಾನದಿಂದ ಕೇಳು. ಇದು ಯಾರನ್ನೋ ಅವಮಾನಿಸಲು ಮಾಡಿದ್ದಲ್ಲ. ಅರಮನೆಯ ಮೇಲೆ ಹಾರುವ ರಾಜಪತಾಕೆ ಇದೆಯಲ್ಲ, ಸಿಂಹಗಳೂ ಐರ್ಲೆಂಡಿನ ವೀಣೆಯೂ ಇರುವುದು, ಅದು ಯಾವತ್ತೂ ಅರ್ಧಕ್ಕೆ ಇಳಿಯುವುದಿಲ್ಲ. ರಾಜ ಸತ್ತ ದಿನವೂ ಇಲ್ಲ. ಒಬ್ಬರು ಕಣ್ಣು ಮುಚ್ಚಿದ ಗಳಿಗೆಯಲ್ಲೇ ಇನ್ನೊಬ್ಬರು ಪಟ್ಟಕ್ಕೆ ಬರುತ್ತಾರೆ, ಸಿಂಹಾಸನ ಒಂದು ಕ್ಷಣವೂ ಖಾಲಿ ಇರುವುದಿಲ್ಲ. ನಮ್ಮ ಯೂನಿಯನ್ ಜ್ಯಾಕ್ ಪ್ರಜೆಗಳದು, ಅದು ದುಃಖಕ್ಕೆ ಇಳಿಯಬಹುದು. ಆದರೆ ಹೊಸಬರ ಹೆಸರು ಸಾರುವ ದಿನ ಅದೂ ಒಮ್ಮೆ ತಲೆ ಎತ್ತಬೇಕು. ದೇಶ ಮುಂದುವರಿದಿದೆ ಎಂದು ತೋರಿಸುವ ರೀತಿ ಅದು.

ನನ್ನ ಮೇಲಧಿಕಾರಿ ಹಾರ್ಗ್ರೀವ್ಸ್ ಸಾಹೇಬರು ಕೆಟ್ಟವರಲ್ಲ. “ಯಾರೋ ಪಾಪದ ಹೆಂಗಸು, ಗಂಡ ಸತ್ತ ದುಃಖ. ಹಗ್ಗ ರಾಟೆಗೆ ಸಿಕ್ಕಾಕ್ಕೊಂಡಿತ್ತು ಅಂತ ಒಂದ್ ಲೈನ್ ಬರ್ಸ್ಕೊಂಡ್ಬಿಡಿ, ಫೈಲ್ ಮುಚ್ಚೋಣ” ಎಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಷ್ಟೇ. ಚಳಿಗಾಲದಲ್ಲಿ ಒದ್ದೆ ಹಗ್ಗ ಸಿಕ್ಕಿಕೊಳ್ಳುವುದು ಎಲ್ಲ ಕಡೆಯೂ ಇದ್ದದ್ದೇ. ಇಲ್ಲವಾದರೆ ಕ್ರಾಂಪ್ಟನ್ ಸಾಹೇಬರು ಭವನದ ಸಮಿತಿಯ ಮೇಲೆ ಒತ್ತಡ ತರುತ್ತಾರೆ. ಅಂಚೆ ಕಚೇರಿ ಬೇರೆ ಕಡೆ ಹೋದರೆ ಭವನಕ್ಕೆ ಬಾಡಿಗೆ ನಿಂತುಹೋಗುತ್ತದೆ, ನಿನಗೆ ಕೆಲಸವೂ ಮನೆಯೂ ಎರಡೂ ಹೋಗುತ್ತವೆ. ಒಂದೇ ಸಾಲು ಅಕ್ಕ. ನಿನ್ನ ಕಾಲಿಗೆ ಬೀಳುತ್ತೇನೆ.

ನಿನ್ನ ತಮ್ಮ,
ಎಮ್ಲಿನ್


ಕುಮ್ ಹೆಲಿಗ್
18 ಫೆಬ್ರವರಿ 1952

ಎಮ್ಲಿನ್,

ನಿನ್ನ ಪಾಠ ಓದಿದೆ. ಮೇಷ್ಟ್ರಾಗಬೇಕಿತ್ತು ನೀನು.

ಸಿಂಹಾಸನ ಖಾಲಿ ಇರುವುದಿಲ್ಲ ಎಂದೆಯಲ್ಲ, ಗಣಿಯೂ ಇರುವುದಿಲ್ಲ ಕಣೋ. ಸೋಮವಾರ ಬೆಳಿಗ್ಗೆ ಗೆತಿನ್ ಜಾಗಕ್ಕೆ ಇನ್ನೊಬ್ಬನನ್ನು ಇಳಿಸಿದರು. ಗೆತಿನ್ ದೀಪ ತೂಗುತ್ತಿದ್ದ ಮೊಳೆಗೆ ಈಗ ಹೊಸಬನ ದೀಪ. ಆ ಮನುಷ್ಯ ನಮ್ಮ ಮನೆಯ ಮುಂದೆ ಹೋಗುವಾಗ ಟೋಪಿ ತೆಗೆದ, ಪಾಪ. ರಾಜ ಸಾಯುವುದಿಲ್ಲ, ಗಣಿಯ ಕೂಲಿಯೂ ಸಾಯುವುದಿಲ್ಲ. ಸಾಯುವುದು ಹೆಂಡಂದಿರ ಗಂಡಂದಿರು.

ಮೊನ್ನೆ ಶುಕ್ರವಾರ ರಾಜನ ಅಂತ್ಯಕ್ರಿಯೆ. ಆ ದಿನ ನಾನೇ ಬಾವುಟವನ್ನು ಅರ್ಧಕ್ಕೆ ಕಟ್ಟಿದೆ, ಯಾರೂ ಹೇಳಬೇಕಾಗಲಿಲ್ಲ. ಬ್ಲಾಡ್ವೆನ್ ಹ್ಯಾರಿಸ್, ಇಬ್ಬರು ಅಣ್ಣತಮ್ಮಂದಿರಲ್ಲಿ ಹಿರಿಯವನ ಹೆಂಡತಿ, ನನ್ನನ್ನು ತಡೆದಳು. “ಅವ್ರಿಗ್ಯಾಕೆ ಇಳಿಸ್ತೀಯ? ನಮ್ಮೋರಿಗೆ ಇಳಿಸ್ಬೇಡ ಅಂದ್ರಲ್ಲ!” “ರಾಜನ ಹೆಂಡ್ತೀನೂ ಗಂಡನ್ನ ಕಳ್ಕೊಂಡೋಳಲ್ವೇನೆ? ಅವಳ ಮೇಲೇನು ಸಿಟ್ಟು ನಮಗೆ?” ಎಂದೆ. ನನ್ನ ಜಗಳ ಆ ವಿಧವೆಯ ಜೊತೆ ಅಲ್ಲ. ಅವಳ ದುಃಖಕ್ಕೆ ಮಾತ್ರ ಬಾವುಟ ಬಾಗಬೇಕು, ಬ್ಲಾಡ್ವೆನ್ನಳ ದುಃಖಕ್ಕೆ ನೆಟ್ಟಗೆ ನಿಂತಿರಬೇಕು ಎನ್ನುವವರ ಜೊತೆ.

ಇನ್ನೊಂದು ಮಾತು. ಪ್ರಜೆಗಳ ಬಾವುಟ ಎಂದೆ. ಅದರಲ್ಲಿ ಇಂಗ್ಲೆಂಡಿನ ಶಿಲುಬೆ ಇದೆ, ಸ್ಕಾಟ್ಲೆಂಡಿನದು ಇದೆ, ಐರ್ಲೆಂಡಿನದೂ ಇದೆ. ವೇಲ್ಸ್ ಎಲ್ಲಿದೆ ತೋರಿಸು. ಒಂದು ನೂಲಿನೆಳೆಯಾದರೂ? ರಾಜಪತಾಕೆಯಲ್ಲೂ ನಾವಿಲ್ಲ. ಅವರು ಅದನ್ನೆಲ್ಲ ಹೊಲಿಯುವ ಕಾಲಕ್ಕೆ ನಾವು ಇಂಗ್ಲೆಂಡಿನ ಹೊಟ್ಟೆಯೊಳಗೆ ಜೀರ್ಣವಾಗಿ ಹೋಗಿದ್ದೆವು ಎಂದು ನೀನೇ ಚಿಕ್ಕವನಿದ್ದಾಗ ಅಪ್ಪನ ಹತ್ತಿರ ಜಗಳ ಆಡುತ್ತಿದ್ದೆ, ಗೋಡೆಯ ಮೇಲೆ ಇದ್ದಿಲಿನಲ್ಲಿ ವೇಲ್ಸಿನ ಲಾಂಛನದ ಕೆಂಪು ಡ್ರ್ಯಾಗನ್ನನ್ನು ಕಪ್ಪಾಗಿಯೇ ಬರೆಯುತ್ತಿದ್ದೆ. ನಮ್ಮದಲ್ಲದ ಬಾವುಟವನ್ನು ನಾನು ಇಷ್ಟು ದಿನ ಒಗೆದು, ಇಸ್ತ್ರಿ ಮಾಡಿ, ಹರಿದಲ್ಲಿ ಹೊಲಿದು ಹಾರಿಸಿದೆ. ಒಂದು ಮಧ್ಯಾಹ್ನದ ಮಟ್ಟಿಗೆ ಅದು ನಮ್ಮದಾಗಲಿ ಎಂದು ಕೇಳಿದರೆ ತಪ್ಪೇ?

ಹಗ್ಗ ಸಿಕ್ಕಿಕೊಂಡಿರಲಿಲ್ಲ. ಹಾಗೆಂದು ಬರೆದುಕೊಟ್ಟರೆ ನಾನು ಆ ದಿನ ಅಲ್ಲಿ ನಿಂತೇ ಇರಲಿಲ್ಲ ಎಂದು ಬರೆದುಕೊಟ್ಟ ಹಾಗೆ. ನನ್ನ ಗಂಡನ ಮಣ್ಣಿಗೆ ನಾನು ಹೋದದ್ದು ಆ ಹಗ್ಗ ಹಿಡಿದುಕೊಂಡೇ. ಅದನ್ನು ರಾಟೆಗೆ ಕೊಡುವುದಿಲ್ಲ.

ನೆಸ್ಟಾ


ಲಂಡನ್
3 ಮಾರ್ಚ್ 1952

ಅಕ್ಕ,

ಮೊಂಡುತನಕ್ಕೂ ಒಂದು ಮಿತಿ ಇದೆ. ನಿನಗೆ ಬೇಡವಾದರೂ ನಿನ್ನ ಬಗ್ಗೆ ಕಾಳಜಿ ಇರುವವರಿದ್ದಾರೆ. ಭವನದ ಅಧ್ಯಕ್ಷ ಹೈವೆಲ್ ಬೆವನ್, ಹಗ್ಗ ಸಿಕ್ಕಿಕೊಂಡಿತ್ತೆಂದು ತಾವೇ ಸಹಿ ಮಾಡಿ ಕಳಿಸಿದ್ದಾರೆ. ಫೈಲು ಮುಚ್ಚಿಹೋಯಿತು. ನೀನು ಏನೂ ಹೇಳಬೇಕಿಲ್ಲ, ಸುಮ್ಮನಿದ್ದರೆ ಸಾಕು. ಸುಮ್ಮನಿರುವುದೂ ಇಷ್ಟು ಕಷ್ಟವೇ?

ಎಮ್ಲಿನ್


ಕುಮ್ ಹೆಲಿಗ್
22 ಮಾರ್ಚ್ 1952

ಎಮ್ಲಿನ್,

ಕಷ್ಟವೇ.

ಗುರುವಾರ ಸಮಿತಿಯ ಸಭೆ ಇತ್ತು. ಅಧ್ಯಕ್ಷನೂ ಸೇರಿ ಹದಿಮೂರು ಗಂಡಸರು, ಒಂದು ಕೆಟಲ್ ಚಹಾ. ಚಹಾ ಮಾಡಿದವಳು ನಾನೇ, ಪಡಿತರದ್ದರಲ್ಲಿ ಉಳಿಸಿದ್ದು. ಹೈವೆಲ್ ಎದ್ದು ನಿಂತು, ಹಗ್ಗದ ವಿಷಯ ಇತ್ಯರ್ಥವಾಯಿತು, ಹೊಸ ಹಗ್ಗ ಕೊಳ್ಳಲು ಒಪ್ಪಿಗೆ ಬೇಕು ಎಂದ. ಅವನ ಒಳ್ಳೆಯ ಮನಸ್ಸು ನನಗೆ ಗೊತ್ತಿಲ್ಲದ್ದೇನಲ್ಲ. ಗೆತಿನ್ ಜೊತೆ ಇಪ್ಪತ್ತು ವರ್ಷ ಒಂದೇ ಸುರಂಗದಲ್ಲಿ ಕೆಲಸ ಮಾಡಿದವನು.

“ಹೊಸ ಹಗ್ಗ ಯಾಕೆ ಹೈವೆಲ್?” ಎಂದೆ.

“ನೆಸ್ಟಾ, ಸುಮ್ನಿರು. ನಿನ್ನ ಒಳ್ಳೇದಕ್ಕೇ.”

“ಎಲ್ಲಾರೂ ಒಂದ್ನಿಮಿಷ ಹೊರಗ್ ಬನ್ನಿ. ಚಹಾ ಆರಲ್ಲ.”

ಮೂಗು ಮುರಿಯುತ್ತ ಬಂದರು. ಅವರ ಕಣ್ಣೆದುರೇ ಬಾವುಟವನ್ನು ತುದಿಗೆ ಏರಿಸಿದೆ, ಇಳಿಸಿದೆ, ಮತ್ತೆ ಏರಿಸಿದೆ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಓಡಾಡಿತು ಹಗ್ಗ. “ನೋಡಿದ್ರಲ್ಲ? ಹಗ್ಗಕ್ಕೇನೂ ಆಗಿಲ್ಲ. ನಾನು ಏರಿಸ್ಲಿಲ್ಲ. ನಿಮ್ಮ ಜೊತೆಗಾರರು ಗುಡ್ಡ ಹತ್ತೋವಾಗ ನೀವೂ ತಲೆ ಎತ್ತಿ ನೋಡಿದ್ರಿ, ಬಾವುಟ ಕೆಳಗಿತ್ತು. ಅವತ್ತು ನಿಮ್ಗೆ ಬೇಜಾರಾಯ್ತಾ? ಆಗಿದ್ರೆ ಈಗ ಹೇಳಿ.”

ಹೈವೆಲ್ ಸ್ಥಿತಿ ಬಿಸಿತುಪ್ಪ ಬಾಯಿಗೆ ಹಾಕಿಕೊಂಡವನಂತೆ ಆಗಿತ್ತು. ಅವನು ಸಹಿ ಹಾಕಿದ್ದು ಸುಳ್ಳೆಂದು ಎಲ್ಲರ ಮುಂದೆ ತೋರಿಸಿಬಿಟ್ಟೆನಲ್ಲ. ಒಳಗೆ ಹೋಗಿ, ನನ್ನನ್ನು ಕೆಲಸದಲ್ಲಿ ಉಳಿಸಿಕೊಳ್ಳಬೇಕೇ ಎಂದು ಕೈ ಎತ್ತಿಸಿದರು. ಆರು ಜನ ನನ್ನ ಪರ, ಆರು ಜನ ವಿರೋಧ. ಅಧ್ಯಕ್ಷನ ಮತವೇ ಕೊನೆಯದು. ಹೈವೆಲ್ ಮೇಜು ನೋಡುತ್ತಲೇ, “ಅಂಚೆ ಕಚೇರಿ ಹೋದ್ರೆ ಭವನ ಮುಚ್ಚುತ್ತೆ. ಭವನ ಉಳೀಬೇಕು” ಎಂದು ನನ್ನ ವಿರುದ್ಧ ಹಾಕಿದ. ಅವನ ಕಣ್ಣಲ್ಲಿ ನೀರಿತ್ತು. ಸುಳ್ಳು ಹೇಳುವುದಿಲ್ಲ, ನನ್ನ ಕಣ್ಣಲ್ಲೂ ಇತ್ತು.

ತಿಂಗಳ ಕೊನೆಗೆ ಕೋಣೆ ಬಿಡಬೇಕು. ಬ್ಲಾಡ್ವೆನ್ ತನ್ನ ಹಿಂದಿನ ಕೋಣೆ ಕೊಟ್ಟಿದ್ದಾಳೆ. ಅವಳಿಗೂ ರಾತ್ರಿ ಮನೆ ದೊಡ್ಡದಾಗಿ ಕಾಣುತ್ತದಂತೆ. ವಿಳಾಸ ಕೆಳಗೆ ಬರೆದಿದ್ದೇನೆ, ಬೇಕಾದರೆ ಇಟ್ಟುಕೋ. ನಿನ್ನ ಮೇಲೆ ನನಗೆ ಸಿಟ್ಟಿದೆ. ಅದನ್ನು ಮುಚ್ಚಿಡುವ ಅಗತ್ಯ ಕಾಣುವುದಿಲ್ಲ.

ನೆಸ್ಟಾ


ಲಂಡನ್
16 ನವೆಂಬರ್ 1952

ಪ್ರೀತಿಯ ಅಕ್ಕ,

ಎಂಟು ತಿಂಗಳಲ್ಲಿ ನಿನಗೆ ಎಷ್ಟು ಪತ್ರ ಶುರು ಮಾಡಿ ಹರಿದೆನೋ. ಈ ಸಲ ಮುಗಿಸಲೇಬೇಕು, ಏಕೆಂದರೆ ವಿಷಯ ಬೇರೆಯವರಿಂದ ನಿನಗೆ ತಿಳಿಯಬಾರದು.

ಬರುವ ವರ್ಷ ಸರ್ಕಾರಿ ಕಟ್ಟಡಗಳ ಮೇಲೆ ಬಾವುಟ ಹಾರಿಸಬೇಕಾದ ದಿನಗಳನ್ನು ಟೈಪ್ ಮಾಡಲು ಕೊಟ್ಟಿದ್ದಾರೆ. ರಾಣಿಯ ಹುಟ್ಟುಹಬ್ಬ, ಪಟ್ಟಾಭಿಷೇಕ, ಎಲ್ಲ ಇವೆ. ಅದರಲ್ಲಿ ಹೊಸದೊಂದು ಸೇರಿದೆ. ರಾಣಿ ಪಟ್ಟಕ್ಕೆ ಬಂದ ದಿನ, ಫೆಬ್ರವರಿ ಆರು. ಆ ದಿನ ಬಾವುಟ ತುದಿಯಲ್ಲಿ ಹಾರಬೇಕು. ಮುಂದಿನ ವರ್ಷ ಮಾತ್ರವಲ್ಲ, ಅವರು ಇರುವಷ್ಟು ವರ್ಷವೂ.

ಆ ಸಾಲಿನಲ್ಲಿ ನನ್ನ ಬೆರಳು ನಿಂತುಹೋಯಿತು. ಟೈಪ್ ಮಾಡದೆ ಎದ್ದು ಹಾರ್ಗ್ರೀವ್ಸ್ ಸಾಹೇಬರ ಕೋಣೆಗೆ ಹೋಗಿ, “ಸಾರ್, ಫೆಬ್ರವರಿ ಆರು ನಮ್ಮೂರಲ್ಲಿ ಐದು ಜನ ಸತ್ತ ದಿನ. ಅವರಲ್ಲಿ ಒಬ್ಬರು ನಮ್ಮ ಭಾವ” ಎಂದೆ. ಇಲ್ಲಿಯವರೆಗೆ ನಾನು ಗಣಿ ಕೂಲಿಯವನ ಮಗ ಎಂದು ಆ ಕಚೇರಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿ, “ಆ ಪ್ರಾಸರ್ ಅನ್ನೋ ಹೆಂಗಸು ನಿಮ್ಮಕ್ಕನಾ? ಮೊದ್ಲೇ ಹೇಳೋದಲ್ವೇನ್ರೀ” ಎಂದರು. ಆ ದಿನ ನಮ್ಮೂರಲ್ಲಿ ಬಾವುಟ ಅರ್ಧಕ್ಕೆ ಹಾರಿಸಲು ವಿಶೇಷ ಅನುಮತಿಗೆ ಅರ್ಜಿ ಹಾಕಿ, ಮೇಲಕ್ಕೆ ಕಳಿಸುತ್ತೇನೆ ಎಂದಿದ್ದಾರೆ. ಪ್ರಯತ್ನ ಮಾಡುತ್ತಿದ್ದೇನೆ. ಬೇಡ ಎನ್ನಬೇಡ.

ನಿನ್ನ ತಮ್ಮ,
ಎಮ್ಲಿನ್


ಕುಮ್ ಹೆಲಿಗ್
7 ಡಿಸೆಂಬರ್ 1952

ಎಮ್ಲಿನ್,

ಪತ್ರವನ್ನು ಬ್ಲಾಡ್ವೆನ್‌ಗೆ ಓದಿ ಹೇಳಿದೆ. ಅವಳು, “ಆ ರಾಣಿ ಹುಡ್ಗೀಗೂ ಅವತ್ತು ಅಪ್ಪ ಸತ್ತ ದಿನ ಅಲ್ವೇನೆ? ಅವ್ಳಿಗೂ ವರ್ಷಾವರ್ಷ ಬಾವುಟ ಏರಿಸಿ ಖುಷಿಪಡು ಅಂತಾರಾ? ಎಂಥಾ ಜನಾನೇ!” ಎಂದಳು. ನನಗೆ ಹೊಳೆದಿರಲಿಲ್ಲ ಅದು.

ನೀನು ಸಾಹೇಬನ ಮುಂದೆ ಅಪ್ಪನ ಕೆಲಸ ಹೇಳಿದ್ದು ಓದಿ ನನಗೆ ಸಂತೋಷವಾಯಿತು. ಅಪ್ಪ ಇದ್ದಿದ್ದರೆ ಊರೆಲ್ಲ ಹೇಳಿಕೊಂಡು ಬರುತ್ತಿದ್ದ. ಅರ್ಜಿಯ ವಿಷಯ ನಿನಗೆ ಬಿಟ್ಟದ್ದು. ನಾನು ಮಾತ್ರ ಅರ್ಜಿ ಹಾಕಿಲ್ಲ, ಇದು ನೆನಪಿರಲಿ.

ನಾನೀಗ ಸಹಕಾರಿ ಅಂಗಡಿಯಲ್ಲಿ ನೆಲ ಒರೆಸುತ್ತೇನೆ. ಇಲ್ಲಿ ಎಲ್ಲರಿಗೂ ಕಸುಬಿನ ಹೆಸರು ಅಲ್ಲವೇ, ಬ್ರೆಡ್ಡಿನ ಡಾಯ್, ಹಾಲಿನ ಜೋನ್ಸ್. ನನ್ನ ಹೆಸರು ಈಗ ಬಾವುಟದ ನೆಸ್ಟಾ. ಕೈಯಲ್ಲಿ ಬಕೆಟ್ ಇದ್ದರೂ ಬಾವುಟದ ನೆಸ್ಟಾ.

ಅಕ್ಕ


ಲಂಡನ್
3 ಫೆಬ್ರವರಿ 1953

ಪ್ರೀತಿಯ ಅಕ್ಕ,

ಸಿಕ್ಕಿತು! ಎರಡೂವರೆ ತಿಂಗಳು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಅಲೆದು, ಕೊನೆಗೂ ಸಹಿ ಬಿತ್ತು. ಮುದ್ರೆಯಿರುವ ಕಾಗದವನ್ನು ನಾಳೆ ಅಂಚೆಗೆ ಹಾಕುತ್ತೇನೆ. ಕುಮ್ ಹೆಲಿಗ್ ಭವನದ ಬಾವುಟವನ್ನು ಈ ಬರುವ ಆರನೇ ತಾರೀಖು ಅರ್ಧಕ್ಕೆ ಹಾರಿಸಲು ವಿಶೇಷ ಪ್ರಸಂಗವೆಂದು ಒಪ್ಪಿಗೆ ಕೊಟ್ಟಿದ್ದಾರೆ. ಹಿಂದೆ ಎಲ್ಲೂ ಹೀಗೆ ಕೊಟ್ಟದ್ದು ನನಗೆ ನೆನಪಿಲ್ಲ. ಹೈವೆಲ್ ಅವರಿಗೆ ತೋರಿಸು, ಕ್ರಾಂಪ್ಟನ್‌ಗೂ ತೋರಿಸು. ಇನ್ನು ನಿನ್ನನ್ನು ಯಾರೂ ಏನೂ ಅನ್ನುವಂತಿಲ್ಲ. ನಿನ್ನ ಕೆಲಸವನ್ನೂ ವಾಪಸ್ ಕೇಳಬಹುದು.

ಈ ಒಂದಾದರೂ ನಾನು ನಿನಗೆ ಮಾಡಿದೆನಲ್ಲ ಎಂದು ನೆಮ್ಮದಿಯಾಗಿದೆ.

ನಿನ್ನ ಎಮ್ಲಿನ್


ಕುಮ್ ಹೆಲಿಗ್
7 ಫೆಬ್ರವರಿ 1953

ನನ್ನ ಪ್ರೀತಿಯ ತಮ್ಮ,

ಗುರುವಾರ ಸಂಜೆ ಹೈವೆಲ್ ಬ್ಲಾಡ್ವೆನ್ ಮನೆಗೆ ಬಂದಿದ್ದ. ಟೋಪಿ ತಿರುಗಿಸುತ್ತ ಬಾಗಿಲಲ್ಲೇ ನಿಂತು, “ನೆಸ್ಟಾ, ನಾಳೆ ನಂಗೆ ಬೆನ್ನು ನೋವು” ಎಂದ. “ನಾಳೆ ನೋವು ಇವತ್ತೇ ಗೊತ್ತಾಯ್ತಾ?” ಎಂದೆ. “ಗೊತ್ತಾಯ್ತು. ಬಗ್ಗೋಕಾಗಲ್ಲ. ಬಾವುಟ ಯಾರಾದ್ರೂ ನೋಡ್ಕೊಳ್ಬೇಕು” ಎಂದು ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಕೊಟ್ಟ ಚಹಾ ಕುಡಿದು ಹೋದ. ಬೆನ್ನು ಕಲ್ಲಿನ ಹಾಗಿದೆ ಅವನದು.

ಶುಕ್ರವಾರ ಬೆಳಿಗ್ಗೆ ಕಂಬದ ಹತ್ತಿರ ಹೋದಾಗ ನಾನೊಬ್ಬಳೇ ಇರುತ್ತೇನೆ ಎಂದುಕೊಂಡಿದ್ದೆ. ಬ್ಲಾಡ್ವೆನ್, ಅವಳ ವಾರಗಿತ್ತಿ, ಸಿಲ್ವಾನಸ್‌ನ ಮುದುಕಿ, ಟೆಗ್ವಿನ್‌ನ ಹೆಂಡತಿ, ಅವಳ ಕಂಕುಳಲ್ಲಿ ಅಪ್ಪನನ್ನು ನೋಡದ ಮಗು. ಹಗ್ಗಕ್ಕೆ ಎಲ್ಲರೂ ಕೈ ಹಾಕಿದೆವು. ತುದಿಗೆ ಏರಿಸಿದೆವು, ಇಳಿಸಿದೆವು, ಕಟ್ಟಿದೆವು. ಆಮೇಲೆ ಮನೆಗೆ ಹೋಗಿ ಹ್ಯಾಮ್ ಹೆಚ್ಚಲಿಲ್ಲ. ಐವರೂ ಸೇರಿ ಗುಡ್ಡ ಹತ್ತಿ ಸಮಾಧಿಗೆ ಹೋದೆವು. ಒಬ್ಬ ಗಂಡಸೂ ಬೇಡ ಎನ್ನಲಿಲ್ಲ. ಪ್ರಿಚರ್ಡ್ ರಸ್ತೆಯಲ್ಲಿ ಬರುತ್ತಿದ್ದ ಲಾರಿ ನಿಲ್ಲಿಸಿ ನಮಗೆ ದಾರಿ ಬಿಡಿಸಿದ. ನಾನು ಗೆತಿನ್ ಮಲಗಿರುವ ಜಾಗವನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಅಲ್ಲಿ ಕೂತು ಜೋರಾಗಿ ಅತ್ತೆ, ಒಂದು ವರ್ಷದ್ದನ್ನೆಲ್ಲ.

ಇಳಿದು ಬಂದಾಗ ನಿನ್ನ ಪತ್ರವೂ ಮುದ್ರೆಯ ಕಾಗದವೂ ಒಟ್ಟಿಗೇ ಬಂದಿದ್ದವು. ಎರಡು ಸಲ ಓದಿದೆ. ನೀನು ಇದಕ್ಕಾಗಿ ಎಷ್ಟು ಜನರ ಮುಂದೆ ನಿಂತಿರಬೇಕು, ಎಷ್ಟು ಸಲ ಭಾವನ ಹೆಸರು ಹೇಳಿರಬೇಕು ಎಂದು ಗೊತ್ತು. ಅದನ್ನು ನಾನು ಎಂದೂ ಮರೆಯುವುದಿಲ್ಲ. ನಿನ್ನ ಮೇಲೆ ನನಗೆ ಈಗ ಎಳ್ಳಷ್ಟೂ ಸಿಟ್ಟಿಲ್ಲ. ಈಸ್ಟರಿಗೆ ರಜ ಹಾಕಿ ಬಾ. ಸೊಪ್ಪು, ಕುರಿಮಾಂಸ ಹಾಕಿ ಸಾರು ಮಾಡುತ್ತೇನೆ, ಸಮಾಧಿಗೆ ಒಟ್ಟಿಗೆ ಹೋಗೋಣ.

ಆದರೆ ಕಾಗದವನ್ನು ಇದರ ಜೊತೆಗೇ ಹಿಂದಕ್ಕೆ ಕಳಿಸುತ್ತಿದ್ದೇನೆ. ನಿನ್ನ ಸಾಹೇಬರಿಗೆ ನಮ್ಮ ಐವರ ವಂದನೆ ಹೇಳಿ ಅವರ ಕೈಯಲ್ಲೇ ಕೊಡು. ಇದನ್ನು ಇಟ್ಟುಕೊಂಡರೆ ಬರುವ ವರ್ಷವೂ ಕೇಳಬೇಕಾಗುತ್ತದೆ.

ನಿನ್ನ ಅಕ್ಕ,
ಬಾವುಟದ ನೆಸ್ಟಾ